ಬೆಳ್ಳಿತೆರೆಯ ಗಾರ್ಡಿಯನ್, ಊರಿನ ಪಹಣಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸಿನಿಮಾ, ಧಾರಾವಾಹಿಗಳಲ್ಲಿ ಕಾಣುವ ಗಾರ್ಡಿಯನ್, ದತ್ತು, ಅನಾಥಾಶ್ರಮ, ಹುಚ್ಚಾಸ್ಪತ್ರೆಯ ದೃಶ್ಯಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಕೇಳಿ ಶಿವಮೊಗ್ಗ ಜಿಲ್ಲೆಯ ಓದುಗರು ಪತ್ರ ಬರೆದಿದ್ದಾರೆ. ಕೌಟುಂಬಿಕ ಕಾನೂನು ಮತ್ತು ಮಕ್ಕಳ ರಕ್ಷಣೆಯ ಕೆಲಸ ಬಲ್ಲವರು ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ (ತೀರ್ಥಹಳ್ಳಿ): ಸಾಯುತ್ತಿರುವ ಅಪ್ಪ ಗೆಳೆಯನ ಕೈಯಲ್ಲಿ ಮಗಳ ಕೈ ಇಟ್ಟು "ಇನ್ನು ಮುಂದೆ ಇವಳು ನಿನ್ನ ಮಗಳು" ಎನ್ನುತ್ತಾನೆ. ಮರುದಿನದಿಂದಲೇ ಗೆಳೆಯ ಗಾರ್ಡಿಯನ್. ಆ ಮಾತಿಗೆ ಕಾನೂನಿನಲ್ಲಿ ಬೆಲೆ ಇದೆಯೇ?

ಹಿಂದೂ ಕುಟುಂಬವಾದರೆ ಬಾಯಿಮಾತಿಗೆ ಬೆಲೆ ಇಲ್ಲ. ಮಗುವಿನ ತಾಯಿ ಬದುಕಿದ್ದರೆ ಗಾರ್ಡಿಯನ್ ಆಕೆಯೇ, ಬೇರೆ ಯಾರನ್ನೂ ಹುಡುಕಬೇಕಾಗಿಲ್ಲ. ಅಪ್ಪ ಅಮ್ಮ ಇಬ್ಬರೂ ಇದ್ದಾಗಲೂ, ಅಪ್ಪ ಮಗುವಿನ ಜವಾಬ್ದಾರಿಯನ್ನೇ ತೆಗೆದುಕೊಳ್ಳದಿದ್ದರೆ ತಾಯಿ ಸಹಜ ಪಾಲಕಿಯಾಗಿ ವ್ಯವಹರಿಸಬಹುದು ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಸಿನಿಮಾದವರು ಮಾತ್ರ ವಿಧವೆ ತಾಯಿಯನ್ನು ಮೂಲೆಯಲ್ಲಿ ಅಳಲು ಕೂರಿಸಿ ಮಗುವನ್ನು ನಾಯಕನಿಗೆ ಒಪ್ಪಿಸಿಬಿಡುತ್ತಾರೆ.

ತಂದೆ ತಾನಿಲ್ಲದ ಕಾಲಕ್ಕೆ ಒಬ್ಬರನ್ನು ಗೊತ್ತುಮಾಡಬೇಕೆಂದಿದ್ದರೆ ಅದನ್ನು ಉಯಿಲಿನಲ್ಲಿ ಬರೆಯಬೇಕು, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಆಗಲೂ ತಾಯಿ ಇರುವತನಕ ಆ ನೇಮಕ ಜಾರಿಗೆ ಬರುವುದಿಲ್ಲ. ಅವಳು ತನ್ನ ಉಯಿಲಿನಲ್ಲಿ ಬೇರೆಯವರನ್ನು ನೇಮಿಸದೆ ತೀರಿಕೊಂಡರೆ ಮಾತ್ರ ತಂದೆಯ ಮಾತು ನಡೆಯುತ್ತದೆ.

ತಂದೆತಾಯಿ ಇಬ್ಬರೂ ಇಲ್ಲ, ಉಯಿಲೂ ಇಲ್ಲ ಎಂದಾದರೆ ಅಜ್ಜಿ, ಮಾವ, ಗೆಳೆಯ ಯಾರೇ ಆಗಲಿ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಅರ್ಜಿ ಹಾಕಬೇಕು. ಈ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯ. ಮಗುವಿನ ಜನನ ಪ್ರಮಾಣಪತ್ರ, ತಂದೆತಾಯಿಯ ಮರಣ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪತ್ರ, ನಾಡಕಚೇರಿಯ ವಂಶವೃಕ್ಷ, ಆಸ್ತಿ ಇದ್ದರೆ ಅದರ ವಿವರ, ಹತ್ತಿರದ ಸಂಬಂಧಿಗಳ ಹೆಸರು ವಿಳಾಸ ಬೇಕು. ಗಾರ್ಡಿಯನ್ ಆಗುವವರು ತಮಗೆ ಒಪ್ಪಿಗೆ ಇದೆ ಎಂದು ಸಹಿ ಮಾಡಿದ ಹೇಳಿಕೆ, ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿಯನ್ನೂ ಲಗತ್ತಿಸಬೇಕು. ಹೆಚ್ಚಿನವರು ಎಡವುವುದು ಊರಿನ ವಿಷಯದಲ್ಲಿ. ಮಾವ ಬೆಂಗಳೂರಿನಲ್ಲಿದ್ದಾನೆಂದು ಅಲ್ಲಿ ಅರ್ಜಿ ಹಾಕಿದರೆ ವಾಪಸ್ ಬರುತ್ತದೆ. ಮಗು ಸಾಮಾನ್ಯವಾಗಿ ವಾಸವಿರುವ ಊರಿನ ಮೇಲೆ ಅಧಿಕಾರವಿರುವ ನ್ಯಾಯಾಲಯಕ್ಕೇ ಹೋಗಬೇಕು. ಮಗು ತೀರ್ಥಹಳ್ಳಿಯಲ್ಲಿದ್ದರೆ ಅರ್ಜಿ ಶಿವಮೊಗ್ಗ ಜಿಲ್ಲೆಯಲ್ಲೇ. ಸಂಬಂಧಿಗಳಿಗೆ ನೋಟಿಸ್ ಹೋಗಿ ಆದೇಶ ಬರಲು ತಿಂಗಳುಗಳಾಗುತ್ತವೆ. ಅಷ್ಟು ಕಾಯಲಾಗದಿದ್ದರೆ ಮಧ್ಯಂತರ ಆದೇಶ ಕೇಳಬಹುದು.

ಇಷ್ಟೆಲ್ಲ ಆದ ಮೇಲೂ ಗಾರ್ಡಿಯನ್ ತಂದೆಯಾಗುವುದಿಲ್ಲ. ಮಗುವಿಗೆ ಅವನ ಆಸ್ತಿಯಲ್ಲಿ ಪಾಲು ಬರುವುದಿಲ್ಲ, ಅವನಿಗೂ ಮಗುವಿನ ಆಸ್ತಿಯಲ್ಲಿ ಪಾಲಿಲ್ಲ. ಮಗುವಿಗೆ 18 ತುಂಬಿದ ದಿನ ಅವನ ಕೆಲಸ ಮುಗಿಯಿತು. ಕೋರ್ಟ್ ಗಾರ್ಡಿಯನ್ ನೇಮಿಸಿದ್ದರೆ 21ರವರೆಗೆ ಮೈನರ್ ಎಂಬ ನಿಯಮ ಹಿಂದೆ ಇತ್ತು. ಅದನ್ನು 1999ರಲ್ಲಿ ತೆಗೆದರು. ಸಂಭಾಷಣೆ ಬರೆಯುವವರಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ಪ್ರಶ್ನೆ (ಹೊಸನಗರ): ಚಿಕ್ಕಪ್ಪ ಅನಾಥ ಹುಡುಗನ ಹೆಬ್ಬೆಟ್ಟು ಒತ್ತಿಸಿಕೊಂಡು ಅಡಿಕೆ ತೋಟವನ್ನೆಲ್ಲ ನುಂಗುತ್ತಾನೆ. ಇಪ್ಪತ್ತು ವರ್ಷದ ನಂತರ ಹುಡುಗ ನಾಯಕನಾಗಿ ಬಂದು ಹೊಡೆದಾಡಿ ತೋಟ ವಾಪಸ್ ಪಡೆಯುತ್ತಾನೆ. ನಿಜದಲ್ಲಿ ಹೀಗೆ ನಡೆಯಲು ಸಾಧ್ಯವೇ?

ಮಲೆನಾಡಿನಲ್ಲಿ ಚಿತ್ರೀಕರಣ ಮಾಡುವವರು ಮಳೆ, ತೊಟ್ಟಿಮನೆ, ಅಡಿಕೆ ಚಪ್ಪರ ಎಲ್ಲವನ್ನೂ ಚೆನ್ನಾಗಿ ತೋರಿಸುತ್ತಾರೆ. ಪಹಣಿ ಮಾತ್ರ ತೋರಿಸುವುದಿಲ್ಲ. ಕಥೆ ನಿಂತಿರುವುದೇ ಅದರ ಮೇಲೆ.

ಮೊದಲು ಹೆಬ್ಬೆಟ್ಟು. ಮೈನರ್ ಮಾಡಿಕೊಂಡ ಕರಾರು ಅನೂರ್ಜಿತ ಎಂಬುದು 1903ರಿಂದಲೇ ಇತ್ಯರ್ಥವಾದ ವಿಷಯ. ಹುಡುಗ ಒತ್ತಿದ ಹೆಬ್ಬೆಟ್ಟಿನಿಂದ ಚಿಕ್ಕಪ್ಪನಿಗೆ ತೋಟ ಬರುವುದಿಲ್ಲ. ಗಾರ್ಡಿಯನ್ ಅಲ್ಲದ ಚಿಕ್ಕಪ್ಪ, ಸಾಕುತ್ತಿರುವವನು ನಾನೇ ಎಂದು ಹೇಳಿಕೊಂಡು ಹುಡುಗನ ಆಸ್ತಿ ಮಾರಲು 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆ ಅವಕಾಶವನ್ನೇ ಕೊಟ್ಟಿಲ್ಲ.

ನಿಜವಾದ ತೊಡಕು ಬರುವುದು ಗಾರ್ಡಿಯನ್ನೇ ಮಾರಿದಾಗ. ಗಂಡ ತೀರಿಕೊಂಡ ಮೇಲೆ ಪೌತಿ ಖಾತೆಯಾಗಿ ತೋಟ ಮಕ್ಕಳ ಹೆಸರಿಗೂ ಬಂದಿರುತ್ತದೆ. ಪಹಣಿಯ 9ನೇ ಕಾಲಂನಲ್ಲಿ ಮಗುವಿನ ಹೆಸರು, ಪಕ್ಕದಲ್ಲಿ ಮೈನರ್ ಗಾರ್ಡಿಯನ್ ಎಂದು ತಾಯಿಯ ಹೆಸರು. ಕೊಳೆರೋಗ ಬಂದು ಫಸಲು ಹೋಯಿತು, ಸಾಲ ತೀರಿಸಬೇಕು ಎಂದು ತಾಯಿ ಒಂದು ಎಕರೆ ಮಾರುತ್ತಾಳೆ. ಒಳ್ಳೆಯ ಉದ್ದೇಶದಿಂದಲೇ ಮಾರಿರಬಹುದು. ಆದರೆ ಮಗುವಿನ ಹೆಸರಿಗೆ ಪ್ರತ್ಯೇಕವಾಗಿ ಬಂದ ಸ್ಥಿರಾಸ್ತಿಯನ್ನು ಮಾರಲು, ಅಡವಿಡಲು, ಐದು ವರ್ಷ ಮೀರಿ ಅಥವಾ ಮಗು ಪ್ರಾಯಕ್ಕೆ ಬಂದ ಮೇಲೆ ಒಂದು ವರ್ಷ ಮೀರಿ ಗೇಣಿಗೆ ಕೊಡಲು ನ್ಯಾಯಾಲಯದ ಮುಂಚಿನ ಅನುಮತಿ ಬೇಕೇ ಬೇಕು. ಅನುಮತಿ ಇಲ್ಲದೆ ಆದ ಕ್ರಯವನ್ನು ಮಗು ದೊಡ್ಡದಾದ ಮೇಲೆ ರದ್ದು ಮಾಡಿಸಬಹುದು.

ರದ್ದು ಮಾಡಿಸಲು ಗಡುವಿದೆ: 18 ತುಂಬಿದ ಮೇಲೆ ಮೂರು ವರ್ಷ. ಸಿನಿಮಾದ ನಾಯಕ ಮೂವತ್ತಕ್ಕೆ ಊರಿಗೆ ಬಂದರೆ ಇಂಥ ಕ್ರಯದ ಮಟ್ಟಿಗೆ ಅವನ ದಾವೆ ಸತ್ತುಹೋಗಿರುತ್ತದೆ. ಗುಂಡಾಗಳನ್ನು ಎಷ್ಟೇ ಹೊಡೆದರೂ ತೋಟ ಕೊಂಡವನದೇ.

ಅನುಮತಿ ಪಡೆಯುವುದು ಅಂಥ ಕಷ್ಟವೇನಲ್ಲ. ಜಿಲ್ಲಾ ನ್ಯಾಯಾಲಯದ ಅರ್ಜಿಯಲ್ಲಿ ಮೂರು ಸಂಗತಿ ಸ್ಪಷ್ಟವಾಗಿರಬೇಕು. ಮಾರುವ ಅಗತ್ಯ ಏನು ಎಂಬುದಕ್ಕೆ ಆಸ್ಪತ್ರೆ ಬಿಲ್ಲು, ಕಾಲೇಜು ಶುಲ್ಕ, ಸಾಲದ ನೋಟಿಸ್ ಇಂಥ ಕಾಗದ. ಬೆಲೆ ಸರಿಯಾಗಿದೆ ಎಂಬುದಕ್ಕೆ ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ದರ ಮತ್ತು ಅಕ್ಕಪಕ್ಕದ ಕ್ರಯಪತ್ರ. ಬಂದ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಮೂರನೆಯದು. ಮಗುವಿನ ಪಾಲನ್ನು ಬ್ಯಾಂಕಿನಲ್ಲಿ ಠೇವಣಿ ಇಡುವಂತೆ ಷರತ್ತು ಹಾಕುವುದು ವಾಡಿಕೆ. ಬರೀ "ಕುಟುಂಬದ ಖರ್ಚಿಗೆ" ಎಂದು ಬರೆದರೆ ಅರ್ಜಿ ಬೀಳುತ್ತದೆ. ಕಾನೂನು ನೋಡುವುದು ಮಗುವಿನ ಅಗತ್ಯ ಇಲ್ಲವೇ ಮಗುವಿಗೆ ಎದ್ದು ಕಾಣುವ ಲಾಭವನ್ನು ಮಾತ್ರ.

ಒಂದು ವಿನಾಯಿತಿ ಇದೆ, ವಕೀಲರೂ ಮರೆಯುವುದುಂಟು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗುವಿನದು ಇನ್ನೂ ವಿಭಾಗವಾಗದ ಪಾಲಾಗಿದ್ದರೆ, ಮನೆಯ ಯಜಮಾನ ಕುಟುಂಬದ ನಿಜವಾದ ಅಗತ್ಯಕ್ಕೆ ಮಾರಲು ಈ ಅನುಮತಿ ಬೇಡ. ಹಾಗಾಗಿ ಮೊದಲು ಕೇಳಬೇಕಾದ್ದು ಆಸ್ತಿ ಪಾಲಾಗಿದೆಯೋ ಇಲ್ಲವೋ ಎಂದು. ತೋಟ ಕೊಳ್ಳುವವರಿಗೂ ಒಂದು ಮಾತು: ನೋಂದಣಿ ಆಯಿತೆಂದರೆ ಎಲ್ಲ ಸರಿ ಎಂದುಕೊಳ್ಳಬೇಡಿ. ಪಹಣಿಯಲ್ಲಿ ಮೈನರ್ ಎಂಬ ಪದ ಕಂಡರೆ ಕೋರ್ಟಿನ ಆದೇಶದ ದೃಢೀಕೃತ ಪ್ರತಿ ಕೈಗೆ ಬರುವತನಕ ಮುಂಗಡ ಕೊಡಬೇಡಿ.

ಪ್ರಶ್ನೆ (ಶಿಕಾರಿಪುರ): ವಕೀಲರು ಮನೆಗೆ ಬಂದು ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ ಉಯಿಲು ಓದುವುದು ಕಡ್ಡಾಯವೇ?

ಇಲ್ಲ. ಅಂಥ ಯಾವ ವಿಧಿಯೂ ನಮ್ಮಲ್ಲಿಲ್ಲ. ಉಯಿಲಿಗೆ ನೋಂದಣಿಯೂ ಕಡ್ಡಾಯವಲ್ಲ. ಬರೆದವರ ಸಹಿ, ಇಬ್ಬರು ಸಾಕ್ಷಿಗಳು ಇದ್ದರೆ ಸಾಕು. ಸಾಕ್ಷಿಗಳು ಬರೆದವರಿಗಿಂತ ಚಿಕ್ಕ ವಯಸ್ಸಿನವರಾಗಿದ್ದರೆ ಮುಂದೆ ಕೋರ್ಟಿನಲ್ಲಿ ಹೇಳಲು ಸಿಗುತ್ತಾರೆ.

ಪ್ರಶ್ನೆ (ಸೊರಬ): ಒಂದು ಚಿತ್ರದಲ್ಲಿ ಅಧಿಕಾರಿಗಳು ಜೀಪಿನಲ್ಲಿ ಬಂದು, ಬಡವಳೆಂಬ ಕಾರಣಕ್ಕೆ ವಿಧವೆಯ ಕೈಯಿಂದ ಮಕ್ಕಳನ್ನು ಕಿತ್ತುಕೊಂಡು ಹೋಗುತ್ತಾರೆ. ಇದನ್ನು ನೋಡಿದ ಮೇಲೆ ನಮ್ಮ ಪಕ್ಕದ ಮನೆಯ ಹೆಂಗಸು ಸರ್ಕಾರದ ನೆರವು ಕೇಳಲು ಹೆದರುತ್ತಿದ್ದಾಳೆ.

ನಮ್ಮ ಸಿಟ್ಟು ಇಂಥ ದೃಶ್ಯಗಳ ಮೇಲೆಯೇ. ಚಿಕ್ಕಪ್ಪನ ಹೆಬ್ಬೆಟ್ಟಿನ ಕಥೆ ನೋಡಿ ನಕ್ಕು ಸುಮ್ಮನಾಗಬಹುದು, ಇದು ಜನರನ್ನು ಕಚೇರಿಯ ಬಾಗಿಲಿನಿಂದ ದೂರ ಇಡುತ್ತದೆ.

2015ರ ಬಾಲನ್ಯಾಯ ಕಾಯ್ದೆಯ ಮೂಲತತ್ವಗಳಲ್ಲೇ ಬರೆದಿದೆ: ಮಗುವನ್ನು ಸಂಸ್ಥೆಗೆ ಸೇರಿಸುವುದು ಎಲ್ಲ ದಾರಿಗಳೂ ಮುಚ್ಚಿದ ಮೇಲಿನ ಕೊನೆಯ ದಾರಿ, ಮಗುವನ್ನು ನೋಡಿಕೊಳ್ಳುವ ಮೊದಲ ಹೊಣೆ ಮನೆಯವರದು. ಯಾವ ಅಧಿಕಾರಿಯೂ ತನ್ನಷ್ಟಕ್ಕೆ ಮಗುವನ್ನು ಇಟ್ಟುಕೊಳ್ಳುವಂತಿಲ್ಲ. ರಕ್ಷಣೆ ಬೇಕಾದ ಮಗು ಸಿಕ್ಕರೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗು ಎಲ್ಲಿರಬೇಕೆಂದು ವಿಚಾರಣೆ ಮಾಡಿ ತೀರ್ಮಾನಿಸುವುದು ಸಮಿತಿ.

ಬಡತನಕ್ಕೆ ಕಾನೂನು ಕೊಟ್ಟಿರುವ ಉತ್ತರ ಹಣ. ಮಕ್ಕಳ ರಕ್ಷಣೆಗೆಂದು ಕೇಂದ್ರ ಸರ್ಕಾರ ತಂದಿರುವ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ವಿಧವೆ, ವಿಚ್ಛೇದಿತೆ, ಗಂಡ ಬಿಟ್ಟುಹೋದ ತಾಯಿಯ ಮಕ್ಕಳು, ತಂದೆತಾಯಿ ಇಲ್ಲದೆ ಅಜ್ಜಿ ಮಾವಂದಿರ ಮನೆಯಲ್ಲಿ ಬೆಳೆಯುವವರು, ತಂದೆ ಅಥವಾ ತಾಯಿಗೆ ಮಾರಣಾಂತಿಕ ಕಾಯಿಲೆ ಇರುವ ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು.

ಅರ್ಜಿ ಕೊಡಬೇಕಾದ್ದು ಶಿವಮೊಗ್ಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಸೊರಬದಿಂದ ಅಷ್ಟು ದೂರ ಬಸ್ಸು ಹತ್ತುವ ಮುಂಚೆ ಅಂಗನವಾಡಿ ಕಾರ್ಯಕರ್ತೆಯನ್ನೋ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯನ್ನೋ ವಿಚಾರಿಸಿ. ಕಾಗದ ಸರಿಯಿಲ್ಲದೆ ಎರಡು ಸಲ ಓಡಾಡುವುದು ತಪ್ಪುತ್ತದೆ. ತಂದೆಯ ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಮಗು ಮತ್ತು ತಾಯಿಯ ಆಧಾರ್, ಶಾಲೆಯ ವ್ಯಾಸಂಗ ಪತ್ರ, ಬ್ಯಾಂಕ್ ಪಾಸ್‌ಬುಕ್ ಮುಖ್ಯ. ಆಮೇಲೆ ಸಿಬ್ಬಂದಿ ಮನೆಗೆ ಬಂದು ವರದಿ ಬರೆಯುತ್ತಾರೆ. ಆ ಭೇಟಿ ಮಗುವನ್ನು ಕರೆದೊಯ್ಯಲು ಅಲ್ಲ, ಹೆದರಿ ಬಾಗಿಲು ಹಾಕಿಕೊಳ್ಳಬೇಡಿ ಎಂದು ಆಕೆಗೆ ಹೇಳಿ. ಕೊನೆಗೆ ಜಿಲ್ಲಾ ಮಟ್ಟದ ಸಮಿತಿ ಮಂಜೂರು ಮಾಡುತ್ತದೆ.

ಅರ್ಜಿಗಳು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಸಣ್ಣ ಕಾರಣಕ್ಕೆ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಇನಿಷಿಯಲ್ಲು. ಖಾತೆಗೆ ಆಧಾರ್ ಜೋಡಣೆ ಆಗಿಲ್ಲ. ಗಂಡ ಮನೆಯಲ್ಲೇ ತೀರಿಕೊಂಡಿದ್ದರಿಂದ ಮರಣ ನೋಂದಣಿಯನ್ನೇ ಮಾಡಿಸಿಲ್ಲ. ಮಂಜೂರಾದ ಮೇಲೆ ಮಗು ಶಾಲೆ ಬಿಟ್ಟರೆ ನೆರವು ನಿಲ್ಲಬಹುದು. ಮಳೆಗಾಲದಲ್ಲಿ ಹಳ್ಳ ತುಂಬಿ ವಾರಗಟ್ಟಲೆ ಹಾಜರಾತಿ ತಪ್ಪಿದರೆ ಮುಖ್ಯಶಿಕ್ಷಕರಿಂದ ಕಾರಣ ಬರೆಸಿಟ್ಟುಕೊಳ್ಳಿ. ತುರ್ತು ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಶುಲ್ಕ ಇಲ್ಲ.

ಪ್ರಶ್ನೆ (ಭದ್ರಾವತಿ): ನಮಗೆ ಮಕ್ಕಳಿಲ್ಲ. ಸಿನಿಮಾದಲ್ಲಿ ತೋರಿಸುವಂತೆ ಆಶ್ರಮಕ್ಕೆ ಹೋಗಿ ಸಾಲಾಗಿ ನಿಂತ ಮಕ್ಕಳಲ್ಲಿ ಒಂದನ್ನು ಆರಿಸಿಕೊಂಡು ಬರಬಹುದೇ? ದೇವಸ್ಥಾನದ ಮೆಟ್ಟಿಲ ಮೇಲೆ ಸಿಕ್ಕ ಮಗುವನ್ನು ಸಾಕಬಹುದೇ?

ಎರಡೂ ಆಗದು. ಮಗು ಸಿಕ್ಕರೆ ಪೊಲೀಸ್ ಠಾಣೆ, 1098 ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆ, 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಸಿನಿಮಾದ ಪುಣ್ಯಾತ್ಮ ನಾಯಕ ಕಾನೂನಿನ ಕಣ್ಣಲ್ಲಿ ಆರೋಪಿ.

ದತ್ತು ಬೇಕಾದರೆ ದಂಪತಿ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮದುವೆಯಾಗಿ ಕನಿಷ್ಠ ಎರಡು ವರ್ಷ ಆಗಿರಬೇಕು. ಮನೆಯ ಅಧ್ಯಯನ ವರದಿಯಾಗಿ ಸರದಿಯ ಪ್ರಕಾರ ಮಗುವಿನ ವಿವರ ಬರುತ್ತದೆ. ಸರದಿ ಬರಲು ವರ್ಷಗಳೇ ಹಿಡಿಯುತ್ತವೆ. ಒಂಟಿ ಗಂಡಸು ಹೆಣ್ಣುಮಗುವನ್ನು ದತ್ತು ಪಡೆಯುವಂತಿಲ್ಲ. ಹೆತ್ತವಳು ಮಗುವನ್ನು ಸಮಿತಿಗೆ ಒಪ್ಪಿಸಿದರೂ ಮನಸ್ಸು ಬದಲಾಯಿಸಲು 60 ದಿನ ಇದೆ. ಕೊನೆಯ ದತ್ತು ಆದೇಶವನ್ನು 2022ರ ಸೆಪ್ಟೆಂಬರ್‌ನಿಂದ ಕೋರ್ಟಿನ ಬದಲು ಜಿಲ್ಲಾಧಿಕಾರಿ ಕೊಡುತ್ತಾರೆ. ಈಚಿನ ಚಿತ್ರಗಳಲ್ಲೂ ನ್ಯಾಯಾಧೀಶರು ಸುತ್ತಿಗೆ ಕುಟ್ಟಿ ದತ್ತು ಕೊಡುವುದು ನಡೆದೇ ಇದೆ. "ಆಸ್ಪತ್ರೆಯಲ್ಲಿ ಒಂದು ಮಗು ಇದೆ, ಖರ್ಚು ಕೊಟ್ಟರೆ ಸಾಕು" ಎಂದು ಯಾರಾದರೂ ಬಂದರೆ ಅದು ಮಾರಾಟ. ಮಾರಿದವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಕಠಿಣ ಸೆರೆ, ಒಂದು ಲಕ್ಷ ದಂಡ.

ಪ್ರಶ್ನೆ (ಸಾಗರ): ಆಸ್ತಿಯಿರುವ ಅಣ್ಣನಿಗೆ ಹುಚ್ಚು ಎಂದು ಡಾಕ್ಟರಿಂದ ಒಂದು ಚೀಟಿ ಬರೆಸಿ, ಸರಪಳಿ ಹಾಕಿ ಆಸ್ಪತ್ರೆಗೆ ಸೇರಿಸಿ, ಕರೆಂಟ್ ಶಾಕ್ ಕೊಡಿಸಿ, ತಮ್ಮ ಗಾರ್ಡಿಯನ್ ಆಗುತ್ತಾನೆ. ಇದರಲ್ಲಿ ಯಾವುದು ಸಾಧ್ಯ?

ಒಂದು ವಾಕ್ಯದಲ್ಲಿ ಐದು ಸುಳ್ಳು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಒಪ್ಪದ ವ್ಯಕ್ತಿಯನ್ನು ದಾಖಲಿಸಲು ಅವನ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಡಬೇಕು. ಒಬ್ಬ ಮನೋವೈದ್ಯ ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞ ಅಥವಾ ವೈದ್ಯ ಬೇರೆ ಬೇರೆಯಾಗಿ ಪರೀಕ್ಷಿಸಿ, ಅವನಿಂದ ಅವನಿಗೇ ಅಥವಾ ಬೇರೆಯವರಿಗೆ ಅಪಾಯವಿದೆ, ಇಲ್ಲವೇ ತನ್ನನ್ನು ನೋಡಿಕೊಳ್ಳಲಾರ ಎಂಬ ತೀರ್ಮಾನಕ್ಕೆ ಬರಬೇಕು. ದಾಖಲಾತಿ ಮೊದಲಿಗೆ 30 ದಿನದವರೆಗೆ ಮಾತ್ರ, ಅದನ್ನೂ ಪುನರ್ವಿಮರ್ಶಾ ಮಂಡಳಿಗೆ ಏಳು ದಿನದೊಳಗೆ ತಿಳಿಸಬೇಕು. ಸರಪಳಿ ಹಾಕುವುದು ನಿಷಿದ್ಧ. ವಿದ್ಯುತ್ ಕಂಪನ ಚಿಕಿತ್ಸೆ ಇಂದಿಗೂ ಇದೆ, ತೀವ್ರ ಖಿನ್ನತೆಯಂಥ ಕಾಯಿಲೆಗೆ ಉಪಯೋಗವೂ ಆಗುತ್ತದೆ. ಆದರೆ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಕೊಡುವಂತಿಲ್ಲ. ರೋಗಿ ಎಚ್ಚರವಾಗಿದ್ದು ಕಿರುಚುವ ದೃಶ್ಯ ನೋಡಿ ನೋಡಿ, ನಿಜವಾಗಿ ಬೇಕಾದವರೂ ಆ ಚಿಕಿತ್ಸೆ ಬೇಡ ಎನ್ನುತ್ತಾರೆ.

ದಾಖಲಾತಿಗೆ ಸಹಿ ಹಾಕಿದ ಮಾತ್ರಕ್ಕೆ ತಮ್ಮನಿಗೆ ಆಸ್ತಿಯ ಮೇಲೆ ಯಾವ ಅಧಿಕಾರವೂ ಬರುವುದಿಲ್ಲ. ಪ್ರತಿನಿಧಿಯ ಕೆಲಸ ಚಿಕಿತ್ಸೆಯ ವಿಷಯಕ್ಕೆ ಸೀಮಿತ. ಕಾಯಿಲೆ ಹತೋಟಿಯಲ್ಲಿರುವಾಗಲೇ ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿ ತಮಗೆ ನಂಬಿಕೆಯಿರುವವರನ್ನು ಯಾರು ಬೇಕಾದರೂ ನೇಮಿಸಿಕೊಳ್ಳಬಹುದು. ಅದು ತಮ್ಮನೇ ಆಗಬೇಕೆಂದಿಲ್ಲ.

ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವವರ ದಾರಿ ಬೇರೆ. ಸಿನಿಮಾ ಇವೆರಡನ್ನೂ ಒಂದೇ ಮಾಡಿಬಿಡುತ್ತದೆ. ಅವರಿಗೆ 18 ದಾಟಿದ ಮೇಲೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಮಟ್ಟದ ಸ್ಥಳೀಯ ಸಮಿತಿ ಗಾರ್ಡಿಯನ್ ನೇಮಿಸಬಹುದು. ಸಮಿತಿ ಮೊದಲು ಕೇಳುವುದು ಗಾರ್ಡಿಯನ್ ನಿಜಕ್ಕೂ ಬೇಕೇ, ಬೇಕಾದರೆ ಯಾವ ಕೆಲಸಕ್ಕೆ ಎಂದು. ನೇಮಕವಾದವರು ಆರು ತಿಂಗಳೊಳಗೆ ಆಸ್ತಿಪಟ್ಟಿ, ಆಮೇಲೆ ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ದುರುಪಯೋಗ ಕಂಡರೆ ತೆಗೆದುಹಾಕಲು ತಂದೆತಾಯಿ, ಸಂಬಂಧಿ ಅಥವಾ ನೋಂದಾಯಿತ ಸಂಸ್ಥೆ ಅರ್ಜಿ ಕೊಡಬಹುದು. ಚಹಾ ಅಂಗಡಿಯ ಚೀಟಿಯಿಂದ ಹಿಡಿದು ರಸೀದಿ ಜೋಡಿಸಿ ವರ್ಷದ ಲೆಕ್ಕ ಬರೆಯುವ ಗಾರ್ಡಿಯನ್ನನ್ನು ನಾವಂತೂ ತೆರೆಯ ಮೇಲೆ ಕಂಡಿಲ್ಲ.

ಪ್ರಶ್ನೆ (ಹೊಸನಗರ): ಮಗ ಆಸ್ತಿ ಬರೆಸಿಕೊಂಡು ತಾಯಿಯನ್ನು ಹೊರಹಾಕುತ್ತಾನೆ. ಆಕೆ ವೃದ್ಧಾಶ್ರಮದಲ್ಲಿ ಕಣ್ಣೀರಿಡುತ್ತಾಳೆ. ಬೇರೆ ದಾರಿ ಇಲ್ಲವೇ?

ಇದೆ. 2007ರ ಪೋಷಕರು ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿ (ಎ.ಸಿ.) ಮುಂದೆ ಅರ್ಜಿ ಕೊಡಬಹುದು. ಹೊಸನಗರಕ್ಕೆ ಸಾಗರದ ಎ.ಸಿ. ಕಚೇರಿ. ವಕೀಲರೇ ಬೇಕೆಂದಿಲ್ಲ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಲು ಅಧಿಕಾರವಿದೆ, ನೋಟಿಸ್ ಜಾರಿಯಾದ 90 ದಿನದೊಳಗೆ ತೀರ್ಮಾನ ಆಗಬೇಕು. ದಾನಪತ್ರ ರದ್ದಾಗಬೇಕಾದರೆ, ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು ಎಂಬುದು ಕಾಣಬೇಕು. "ಪ್ರೀತಿ ವಿಶ್ವಾಸದಿಂದ" ಎಂದು ಮಾತ್ರ ಬರೆದ ಪತ್ರಗಳ ಮೇಲೆ ತಕರಾರು ಏಳುವುದು ಇಲ್ಲೇ. ಇನ್ನೂ ಬರೆದುಕೊಡದವರು ಊಟ, ವಸತಿ, ಔಷಧಿ ನೋಡಿಕೊಳ್ಳತಕ್ಕದ್ದು, ತಪ್ಪಿದರೆ ದಾನ ರದ್ದು ಎಂಬ ಸಾಲನ್ನು ಪತ್ರದಲ್ಲೇ ಸೇರಿಸಿ. ಪತ್ರ ಬರಹಗಾರರು ತಾವಾಗಿ ಸೇರಿಸುವುದಿಲ್ಲ, ಕೇಳಿ ಬರೆಸಬೇಕು.

ಪ್ರಶ್ನೆ (ಶಿವಮೊಗ್ಗ): ನಾವು ಗೆಳೆಯರು ಸೇರಿ ಕಿರುಚಿತ್ರ ಮಾಡುತ್ತಿದ್ದೇವೆ. ಓಡಿಹೋದ ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿಗೆ ಕರೆತರುವ ದೃಶ್ಯವಿದೆ. ತಪ್ಪಿಲ್ಲದಂತೆ ತೋರಿಸುವುದು ಹೇಗೆ?

ಇಂಥ ಪ್ರಶ್ನೆ ಬಂದದ್ದೇ ಸಂತೋಷ. ಕಟಕಟೆ, ಎತ್ತರದ ಪೀಠ, ಕರಿಕೋಟು ಎಲ್ಲ ತೆಗೆಯಿರಿ. ಒಂದು ಸಾಧಾರಣ ಕೋಣೆ ಸಾಕು, ಎಲ್ಲರೂ ಒಂದೇ ಮಟ್ಟದಲ್ಲಿ ಕೂರಲಿ. ಸಮಿತಿಗೆ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರು, ಅವರಲ್ಲಿ ಕನಿಷ್ಠ ಒಬ್ಬ ಮಹಿಳೆ. ಅಂತಿಮ ಆದೇಶಕ್ಕೆ ಮೂವರಾದರೂ ಇರಬೇಕು. ರಾತ್ರಿ ಹೊತ್ತು ಹುಡುಗಿ ಸಿಕ್ಕಳೆಂದರೆ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಬಹುದು, ಅದೇ ನಿಮಗೆ ಒಳ್ಳೆಯ ದೃಶ್ಯವಾಗಬಹುದು. ಜೊತೆಗೆ ಬರುವ ಪೊಲೀಸರು ಮಫ್ತಿಯಲ್ಲಿರಲಿ, ಹುಡುಗಿಯೊಂದಿಗೆ ಮಹಿಳಾ ಸಿಬ್ಬಂದಿ ಇರಲಿ. ತಂದೆತಾಯಿಯ ಕಸ್ಟಡಿ ಜಗಳವೂ ಕಥೆಯಲ್ಲಿದ್ದರೆ ಅದು ಈ ಸಮಿತಿಯದಲ್ಲ, ಕೌಟುಂಬಿಕ ನ್ಯಾಯಾಲಯದ ವಿಷಯ. ಅಲ್ಲಿ ನ್ಯಾಯಾಧೀಶರು ಮಗುವನ್ನು ಎಲ್ಲರ ಮುಂದೆ ನಿಲ್ಲಿಸದೆ ತಮ್ಮ ಕೊಠಡಿಯಲ್ಲಿ ಮಾತಾಡಿಸುವುದು ರೂಢಿ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಕೇಳುತ್ತಾರೆ, ಅದರಂತೆಯೇ ತೀರ್ಪು ಕೊಡಬೇಕೆಂದಿಲ್ಲ.

ನಿಜವಾದ ಬಾಲಮಂದಿರದೊಳಗೆ ಕ್ಯಾಮೆರಾ ಒಯ್ದು ಅಲ್ಲಿನ ಮಕ್ಕಳನ್ನು ತೋರಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅವರ ಗುರುತು ಬಯಲಾದರೆ ಆರು ತಿಂಗಳವರೆಗೆ ಸೆರೆ, ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ. ಹುಡುಗಿಯ ಪಾತ್ರಕ್ಕೆ 14 ತುಂಬದ ಕಲಾವಿದೆಯನ್ನು ತೆಗೆದುಕೊಂಡು ಹಣ ಮಾಡುವ ಚಿತ್ರವಾದರೆ ಜಿಲ್ಲಾಧಿಕಾರಿಯ ಅನುಮತಿ ಮೊದಲೇ ಪಡೆಯಿರಿ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಅವಳ ಸಂಭಾವನೆಯಲ್ಲಿ ಕನಿಷ್ಠ ಶೇ. 20ನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಅವಳದೇ ಹೆಸರಿನಲ್ಲಿ ನಿಶ್ಚಿತ ಠೇವಣಿ ಇಡಬೇಕು. ಅದು ಅಪ್ಪ ಅಮ್ಮನ ಖಾತೆಗೆ ಹೋಗಕೂಡದು.